ಚಿತ್ರದೊಳಗೆ ನಿಂತ ಒಣಮರ



ಇವತ್ತು ಒಣಮರದ ವಿಚಾರ ನಾಲ್ಕು ಮಾತು ಆಡೋಣ ಎಂದು ಬಂದಿದ್ದೇನೆ. ಊರ ಹೊರಗೆ, ಕೆರೆ ಏರಿಯ ಮೇಲೋ ಹೊಲದ ಬದುವಿನಲ್ಲೋ, ಎಲೆಯೆಲ್ಲ ಉದುರಿ, ತೊಗಟೆ ಕಳಚಿ, ಬೆಳ್ಳಗೆ ನಿಂತ ಮರವನ್ನು ನೀವೆಲ್ಲ ಕಂಡಿದ್ದೀರಿ. ನಾವು ಒಣಮರ ಅನ್ನುತ್ತೇವೆ, ಬೋಳುಮರ ಅನ್ನುತ್ತೇವೆ. ತಾಳವಾಡಿ, ಹೊಸೂರಿನವರು ಪಕ್ಕದ ಮನೆಯ ತಮಿಳರ ಬಾಯಲ್ಲಿ 'ಪಟ್ಟ ಮರಂ' ಎಂದು ಕೇಳಿರುತ್ತೀರಿ. ಮಡಕಶಿರಾ, ರಾಯದುರ್ಗದವರು 'ಮೋಡು' ಎಂದು, ಕಾಸರಗೋಡಿನವರು 'ಉಣಕ್ಕ ಮರಂ' ಎಂದು, ಜತ್ತ, ಅಕ್ಕಲಕೋಟೆಯವರು 'ವಠಲೇಲ ಝಾಡ' ಎಂದು ಕೇಳಿರುತ್ತೀರಿ. ಮಾತು ಯಾವುದಾದರೇನು, ಆ ಮರ ಕಂಡಾಗ ನಮ್ಮಲ್ಲಿ ಹೆಚ್ಚಿನವರ ಮೊದಲ ಯೋಚನೆ ಒಂದೇ: ಕಡಿದರೆ ಎಷ್ಟು ಗಾಡಿ ಸೌದೆ ಆದೀತು?

ಆದರೆ ಯುರೋಪಿನಲ್ಲಿ ನಿಸರ್ಗಚಿತ್ರ ಬರೆಯುವವರು ಸುಮಾರು ನಾನೂರು ವರ್ಷಗಳಿಂದ ಇಂಥ ಮರಗಳನ್ನೇ ಹುಡುಕಿಕೊಂಡು ಹೋಗಿದ್ದಾರೆ. ಹಸಿರು ತುಂಬಿದ ಮರ ಪಕ್ಕದಲ್ಲೇ ಇದ್ದರೂ ಅದನ್ನು ಬಿಟ್ಟು ಮುರಿದ ಕೊಂಬೆಯ, ಪೊಟರೆ ಬಿದ್ದ ಮುದಿಮರದ ಮುಂದೆ ಕುಳಿತು ಬರೆದಿದ್ದಾರೆ. ಯಾಕೆ? ರೇಡಿಯೋದಲ್ಲಿ ಚಿತ್ರ ತೋರಿಸಲಿಕ್ಕಾಗದು. ನಾನು ಹೇಳುತ್ತ ಹೋಗುತ್ತೇನೆ, ನೀವು ಮನಸ್ಸಿನಲ್ಲಿ ಕಟ್ಟಿಕೊಳ್ಳಿ. ಜೊತೆಗೆ ಒಂದು ಪ್ರಶ್ನೆ ಇಟ್ಟುಕೊಂಡರೆ ಸಾಕು: ಈ ಮರ ಸತ್ತದ್ದು ಹೇಗೆ? ಒಣಮರ ಇರುವ ಚಿತ್ರದ ಮುಂದೆ ನಿಂತು ಈ ಪ್ರಶ್ನೆ ಕೇಳಿದರೆ, ಚಿತ್ರ ತಾನಾಗಿ ಮಾತಾಡತೊಡಗುತ್ತದೆ ಎಂಬುದು ನನ್ನ ಅನುಭವ.

ಮೊದಲು ಇಬ್ಬರು ಪಾದ್ರಿಗಳ ಜಗಳ ಕೇಳಿ. ಇಬ್ಬರೂ ಇಂಗ್ಲೆಂಡಿನವರು. ಇಬ್ಬರ ನಡುವೆ ನೂರೈವತ್ತು ವರ್ಷಕ್ಕೂ ಹೆಚ್ಚಿನ ಅಂತರ ಇರುವುದರಿಂದ ಜಗಳ ನಡೆದದ್ದು ಪುಸ್ತಕದಲ್ಲಿ ಮಾತ್ರ. ವಿಲಿಯಂ ಲಾಸನ್ ಎಂಬಾತ 1618ರಲ್ಲಿ ತೋಟಗಾರಿಕೆಯ ಮೇಲೆ ಒಂದು ಪುಸ್ತಕ ಬರೆದ. ಮರದ ಕಸುಬು ಬಲ್ಲವನು. ನಮ್ಮ ಕಾಡುಗಳಲ್ಲಿ ಚೆನ್ನಾಗಿ ಬೆಳೆದ ಮರ ಒಂದಿದ್ದರೆ ಕೊಳೆತವು, ಟೊಳ್ಳಾದವು, ನೆತ್ತಿ ಒಣಗಿದವು ಹತ್ತಾರು ಇವೆಯಲ್ಲ ಎಂದು ಅದರಲ್ಲಿ ಗೋಳಾಡಿದ್ದಾನೆ. ವಿಲಿಯಂ ಗಿಲ್ಪಿನ್ ಎಂಬ ಇನ್ನೊಬ್ಬ ಪಾದ್ರಿ ದಕ್ಷಿಣ ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಎಂಬ ಕಾಡಿನ ಅಂಚಿನಲ್ಲಿ, ಬೋಲ್ಡರ್ ಎಂಬ ಹಳ್ಳಿಯಲ್ಲಿದ್ದ. ಆತ 1791ರಲ್ಲಿ ಕಾಡಿನ ನೋಟಗಳ ಮೇಲೆ ಎರಡು ಸಂಪುಟ ಬರೆದು, ಅದರಲ್ಲಿ ಲಾಸನ್ನನ ಗೋಳನ್ನು ಎತ್ತಿಕೊಂಡು ಉತ್ತರ ಕೊಟ್ಟ. ಈ ಮಹಾಶಯರು ಯಾವುದನ್ನು ರೋಗವೆಂದು ಅಳುತ್ತಿದ್ದಾರೋ, ಚಿತ್ರ ಬರೆಯುವವನಿಗೆ ಚೆಲುವು ಸಿಗುವುದು ಬಹುಮಟ್ಟಿಗೆ ಅಲ್ಲೇ ಎಂಬುದು ಅವನ ವಾದದ ಸಾರ.

ಗಿಲ್ಪಿನ್ ಇದ್ದ ಕಾಡೇನು ಸಾಮಾನ್ಯದ್ದಲ್ಲ. ಇಂಗ್ಲೆಂಡಿನ ನೌಕಾಪಡೆಗೆ ಹಡಗು ಕಟ್ಟಲು ಓಕ್ ಮರ ಹೋಗುತ್ತಿದ್ದ ಕಾಡು ಅದು. ಓಕ್ ಎಂದರೆ ನಮ್ಮ ತೇಗ, ಮತ್ತಿಯ ಹಾಗೆ ಗಟ್ಟಿ ಮರ. ಹಡಗಿನವರಿಗೆ ಒಳಗೆ ಹುಳುಕಿಲ್ಲದ ದಿಮ್ಮಿ ಬೇಕು. ಟೊಳ್ಳಾದ ಓಕನ್ನು ಅವರು ಮುಟ್ಟುವುದಿಲ್ಲ. ಹಾಗೆ ಬೇಡವೆಂದು ಬಿಟ್ಟ ಮರಗಳ ಮುಂದೆ ಪಾದ್ರಿ ಹೋಗಿ ನಿಂತ. ಒಂದೇ ಮರ, ಒಬ್ಬನಿಗೆ ನಷ್ಟ, ಇನ್ನೊಬ್ಬನಿಗೆ ಚಿತ್ರ. ನನಗೇನೋ ಲಾಸನ್ನನ ಮೇಲೂ ಸಿಟ್ಟಿಲ್ಲ. ಹೊಟ್ಟೆಪಾಡಿಗೆ ಮರ ಬೆಳೆಸಿದವನಿಗೆ ಹುಳುಕು ಹುಳುಕೇ.

ಚಿತ್ರಕಾರನಿಗೆ ಅದರಲ್ಲಿ ಸಿಗುವುದಾದರೂ ಏನು? ಎಲೆ ತುಂಬಿದ ಮರವನ್ನು ದೂರದಿಂದ ನೋಡಿ. ಒಂದು ಹಸಿರು ಮುದ್ದೆ ಕಾಣುತ್ತದೆ, ಕೊಂಬೆಗಳು ಎಲ್ಲಿ ಕವಲೊಡೆದವು, ಯಾವ ಗಾಳಿಗೆ ಯಾವ ಕಡೆ ಬಾಗಿದವು ಎಂಬುದೆಲ್ಲ ಮುಚ್ಚಿಹೋಗಿರುತ್ತದೆ. ಎಲೆ ಹೋದ ಮೇಲೆ ಆ ಮರದ ಇಡೀ ಚರಿತ್ರೆ ಬಯಲಾಗುತ್ತದೆ. ಇಲ್ಲಿ ಸಿಡಿಲು ಬಡಿದಿದೆ, ಇಲ್ಲಿ ಕೊಂಬೆ ಕಡಿದಿದ್ದಾರೆ, ಈ ಕಡೆ ಬಿಸಿಲಿಗಾಗಿ ಮೈ ತಿರುಚಿಕೊಂಡಿದೆ. ಜೊತೆಗೆ ತೊಗಟೆ ಬಿದ್ದ ಮರ ಬಿಸಿಲು ಮಳೆಗೆ ಬೂದಿಬಣ್ಣಕ್ಕೋ ಬಿಳುಪಿಗೋ ತಿರುಗುತ್ತದೆ. ಕಪ್ಪು ಮೋಡದ ಮುಂದೆ ಅದನ್ನು ನಿಲ್ಲಿಸಿದರೆ ಮಿಂಚಿನ ಗೆರೆಯಂತೆ ಎದ್ದು ಕಾಣುತ್ತದೆ. ಇನ್ನೂ ಒಂದು ಮಾತಿದೆ. ಚಿತ್ರ ಎಂದರೆ ಒಂದು ಗಳಿಗೆ ಮಾತ್ರ. ಕತೆಯ ಹಾಗೆ ನಿನ್ನೆ, ಇವತ್ತು, ನಾಳೆ ಎಂದು ಹೇಳಿಕೊಂಡು ಹೋಗುವಂತಿಲ್ಲ. ಆದರೆ ಚಿತ್ರದ ಮೂಲೆಯಲ್ಲಿ ಒಂದು ಒಣಮರ ಇಟ್ಟು, ಅದರ ಬುಡದಲ್ಲಿ ಎರಡು ಚಿಗುರು ಬರೆದರೆ, ನೂರು ವರ್ಷದ ಕಾಲ ಅದರೊಳಗೆ ಬಂದು ಕೂರುತ್ತದೆ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಹಾಲೆಂಡಿನ ಯಾಕೊಬ್ ಫಾನ್ ರೌಸ್‌ಡಾಲ್. ಹಾರ್ಲೆಮ್ ಊರಿನವನು, 1682ರಲ್ಲಿ ತೀರಿಕೊಂಡ. ಅವನ 'ಯಹೂದ್ಯರ ಸ್ಮಶಾನ' ಎಂಬ ಚಿತ್ರ 1650ರ ದಶಕದ ನಡುವಿನದು. ಅದನ್ನು ಆತ ಎರಡು ಸಲ ಬರೆದಿದ್ದಾನೆ. ಒಂದು ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿದೆ, ಇನ್ನೊಂದು, ಅದಕ್ಕಿಂತ ದೊಡ್ಡದು, ಅಮೆರಿಕದ ಡೆಟ್ರಾಯ್ಟ್‌ನಲ್ಲಿ. ಕಣ್ಣ ಮುಂದೆ ತಂದುಕೊಳ್ಳಿ: ಮಳೆಯ ಕಪ್ಪು ಮೋಡ ಕವಿದಿದೆ. ಹಿಂದೆ ಮಾಡು ಬಿದ್ದ ಹಳೆಯ ಕಟ್ಟಡದ ಗೋಡೆಗಳು. ನಡುವೆ ಕೆಲವು ಗೋರಿಗಳು, ಅವುಗಳ ಮೇಲೆ ಮಾತ್ರ ಬೆಳಕು. ಮುಂದೆ ಒಂದು ಹಳ್ಳ ನೊರೆ ಎಬ್ಬಿಸಿಕೊಂಡು ಹರಿಯುತ್ತಿದೆ. ಪಕ್ಕದಲ್ಲಿ ಬೀಚ್ ಎಂಬ ಜಾತಿಯ ಒಂದು ಸತ್ತ ಮರ, ಬೆಳ್ಳಗಿನ ಬೋಳು ಕೊಂಬೆಗಳನ್ನು ಗೋರಿಗಳ ಕಡೆಗೆ ಚಾಚಿಕೊಂಡು ನಿಂತಿದೆ. ಆಕಾಶದ ಒಂದು ಮಗ್ಗುಲಲ್ಲಿ ಮಸುಕಾದ ಕಾಮನಬಿಲ್ಲು.

ಆ ಗೋರಿಗಳು ನಿಜವಾದವು. ಆಮ್‌ಸ್ಟರ್‌ಡಾಮ್ ಬಳಿಯ ಔಡರ್‌ಕರ್ಕ್ ಎಂಬಲ್ಲಿ ಪೋರ್ಚುಗೀಸ್ ಯಹೂದ್ಯರು 1614ರಲ್ಲಿ ಕೊಂಡ ಸ್ಮಶಾನ ಇಂದಿಗೂ ಇದೆ. ಸ್ಪೇನ್, ಪೋರ್ಚುಗಲ್ ದೇಶಗಳಲ್ಲಿ ಧರ್ಮದ ಕಾರಣಕ್ಕೆ ಇರಲಾಗದೆ ಗಡಿ ದಾಟಿ ಬಂದ ಕುಟುಂಬಗಳು ಅವು. ಡಚ್ಚರ ನೆಲದಲ್ಲಿ ನೆಲೆ ನಿಂತರೂ ಗೋರಿಗಲ್ಲಿನ ಮೇಲೆ ಹೀಬ್ರೂ ಜೊತೆಗೆ ತಾವು ಮನೆಯಲ್ಲಿ ಆಡುತ್ತಿದ್ದ ಪೋರ್ಚುಗೀಸನ್ನೂ ಕೆತ್ತಿಸಿದರು. ಇದನ್ನು ಈ ಕಾರ್ಯಕ್ರಮದ ಕೇಳುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚಿತ್ರದಲ್ಲಿ ಗುರುತು ಸಿಕ್ಕಿರುವ ಗೋರಿಗಳಲ್ಲಿ ಒಂದು ಎಲಿಯಾಹು ಮೊಂಟಾಲ್ಟೋ ಎಂಬ ವೈದ್ಯನದು. ಫ್ರಾನ್ಸಿನ ರಾಣಿ ಮರೀ ದ ಮೆದಿಚಿಗೆ ಔಷಧ ಕೊಡುತ್ತಿದ್ದವನು, 1616ರಲ್ಲಿ ತೀರಿಕೊಂಡವನು.

ಗೋರಿಗಳು ನಿಜ, ಆದರೆ ಸುತ್ತಲಿನದೆಲ್ಲ ತಂದು ಜೋಡಿಸಿದ್ದು. ಆ ಪಾಳುಗೋಡೆ ಬೇರೆ ಊರಿನದು. ಔಡರ್‌ಕರ್ಕ್ ಚಪ್ಪಟೆ ನೆಲ, ಅಲ್ಲಿ ನೊರೆಯೆಬ್ಬಿಸಿ ಧುಮುಕುವ ಹಳ್ಳ ಎಲ್ಲಿಂದ ಬರಬೇಕು? ಒಣಮರವನ್ನೂ ರೌಸ್‌ಡಾಲ್ ಹಾಗೆಯೇ ತಂದು ನಿಲ್ಲಿಸಿದ್ದಾನೆ. ನಾವು ಇಟ್ಟುಕೊಂಡ ಪ್ರಶ್ನೆ ಇಲ್ಲಿ ಕೇಳಿದರೆ ಉತ್ತರ ಸುಲಭ: ಈ ಮರವನ್ನು ಕೊಂದದ್ದು ಕಾಲ. ಮನುಷ್ಯ ಹೋದ, ಅವನ ಕಟ್ಟಡ ಬಿತ್ತು, ಗೋರಿಯೂ ಬಿರುಕು ಬಿಡುತ್ತಿದೆ, ಮರವೂ ಒಣಗಿತು. ಆದರೆ ಹಳ್ಳ ಹರಿಯುತ್ತಿದೆ, ಪಾಳುಗೋಡೆಯ ಸಂದಿಯಲ್ಲಿ ಹಸಿರು ಎದ್ದಿದೆ.

ಈ ಚಿತ್ರದ ಬಗ್ಗೆ ದೊಡ್ಡವರಲ್ಲೇ ಎರಡು ಮಾತಿತ್ತು. ಜರ್ಮನ್ ಕವಿ ಗಯಟೆ 1816ರಲ್ಲಿ ರೌಸ್‌ಡಾಲನನ್ನು ಕವಿಯೆಂದೇ ಕರೆದು ಒಂದು ಲೇಖನ ಬರೆದ, ಡ್ರೆಸ್ಡೆನ್ನಿನ ಈ ಸ್ಮಶಾನದ ಚಿತ್ರವನ್ನು ಅದರಲ್ಲಿ ಮನಸಾರೆ ಮೆಚ್ಚಿದ. ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ ರೌಸ್‌ಡಾಲನ ದೊಡ್ಡ ಅಭಿಮಾನಿಯೇ ಆದರೂ ಈ ಒಂದು ಚಿತ್ರ ಸೋತಿದೆ ಎಂದ. ಪಾಳುಗೋಡೆ ಎಂದರೆ ಮುಪ್ಪು, ಹಳ್ಳ ಎಂದರೆ ಬಾಳಿನ ಹರಿವು ಎಂದೆಲ್ಲ ಯಾರಾದರೂ ಹೇಳಿಕೊಡದೆ ನೋಡುವವನಿಗೆ ತಿಳಿಯುವುದಾದರೂ ಹೇಗೆ ಎಂಬುದು ಅವನ ಆಕ್ಷೇಪ. ನನ್ನನ್ನು ಕೇಳಿದರೆ ಹಳ್ಳದ ಮಟ್ಟಿಗೆ ಕಾನ್‌ಸ್ಟೆಬಲ್ ಹೇಳಿದ್ದು ಸರಿ. ಒಣಮರದ ಮಟ್ಟಿಗೆ ಸರಿಯಲ್ಲ. ಗೋರಿಯ ಪಕ್ಕದ ಒಣಮರದ ಅರ್ಥ ಯಾವ ಊರಿನ ಯಾವ ಮಗುವಿಗೂ ಹೇಳಿಕೊಡಬೇಕಾಗಿಲ್ಲ.

ಇದೇ ಕಾನ್‌ಸ್ಟೆಬಲ್ ಮರಗಳನ್ನು ಮನೆಯವರಂತೆ ಪ್ರೀತಿಸಿದವನು. ಅವನು ಹೇಳಿದ ಒಂದು ಮರದ ಕತೆ ನಮಗೆ ತೀರ ಹತ್ತಿರದ್ದು. ಲಂಡನ್ನಿನ ಪಕ್ಕದ ಹ್ಯಾಂಪ್‌ಸ್ಟೆಡ್‌ನಲ್ಲಿ 1836ರಲ್ಲಿ ನಿಸರ್ಗಚಿತ್ರದ ಮೇಲೆ ಒಂದು ಉಪನ್ಯಾಸ ಕೊಟ್ಟಾಗ, ತಾನು ಹಿಂದೆ ಬರೆದ ಒಂದು 'ಆಶ್' ಮರದ ಚಿತ್ರವನ್ನು ಜನರ ಮುಂದೆ ಹಿಡಿದ. ಊರ ಬಾಗಿಲಲ್ಲೇ ನಿಂತಿದ್ದ ಮರ, ಅಲ್ಲಿ ಕೂತಿದ್ದ ಅನೇಕರಿಗೆ ಗೊತ್ತಿದ್ದ ಮರ. ಅವನು ಅದನ್ನು 'ಅದು' ಎನ್ನಲಿಲ್ಲ, 'ಅವಳು' ಎಂದ. ಎದೆಯೊಡೆದು ಸತ್ತಳು ಎಂದ. ನಡೆದದ್ದಿಷ್ಟು: ಯಾರೋ ಆ ಮರಕ್ಕೆ ಒಂದು ಹಲಗೆ ಹೊಡೆದರು. ಅಲೆಮಾರಿಗಳ, ಭಿಕ್ಷುಕರ ಮೇಲೆ ಕಾನೂನಿನಂತೆ ಕ್ರಮ ಕೈಗೊಳ್ಳಲಾಗುವುದು ಎಂದು ದಪ್ಪಕ್ಷರದಲ್ಲಿ ಬರೆದ ಹಲಗೆ. ಉದ್ದನೆಯ ಎರಡು ಮೊಳೆಗಳನ್ನು ಅವಳ ಮೈಯೊಳಕ್ಕೆ ಆಳವಾಗಿ ಇಳಿಸಿದ್ದರು. ಆ ಅವಮಾನ ತಟ್ಟಿತೋ ಎಂಬಂತೆ ತುದಿಯ ಕೊಂಬೆಗಳು ಆಗಲೇ ಬಾಡಿದ್ದವು. ಮರುವರ್ಷ ಒಂದು ಮಗ್ಗುಲಿಗೆ ಪಾರ್ಶ್ವವಾಯು ಬಡಿದಂತಾಯಿತು, ಸ್ವಲ್ಪ ದಿನಕ್ಕೆ ಇನ್ನೊಂದು ಮಗ್ಗುಲಿಗೂ. ಕೊನೆಗೆ ಮರವನ್ನು ಕಡಿದು ಮೋಟು ಉಳಿಸಿದರು. ಎಷ್ಟು ಎತ್ತರದ ಮೋಟು ಗೊತ್ತೇ? ಆ ಹಲಗೆ ನಿಲ್ಲುವಷ್ಟು ಎತ್ತರದ್ದು.

ಎರಡು ಮೊಳೆಗೆ ಅಷ್ಟು ದೊಡ್ಡ ಮರ ಸಾಯುತ್ತದೆಯೇ ಎಂದು ಕೇಳುವವರಿದ್ದಾರೆ. ಸಾಮಾನ್ಯವಾಗಿ ಸಾಯುವುದಿಲ್ಲ. ಆದರೆ ಮೊಳೆ ಹೊಕ್ಕ ಗಾಯದ ಮೂಲಕ ಕೊಳೆಸುವ ಬೂಷ್ಟು ಒಳಗೆ ಇಳಿಯಲು ದಾರಿಯಾಗುತ್ತದೆ, ಅದು ನಿಜ. ಆ ಆಶ್ ಮರಕ್ಕೆ ನಿಜವಾಗಿ ಏನಾಗಿತ್ತೋ, ಕಾನ್‌ಸ್ಟೆಬಲ್ ವೈದ್ಯನಲ್ಲ, ಚಿತ್ರಕಾರ. ಅವನ ಲೆಕ್ಕದಲ್ಲಿ ಮರವನ್ನು ಕೊಂದದ್ದು ಬಡವರನ್ನು ಊರೊಳಗೆ ಬಿಡಬೇಡಿ ಎಂಬ ಆ ಅಕ್ಷರಗಳು. ನಮ್ಮ ಗಡಿಯೂರುಗಳ ಬಸ್ ನಿಲ್ಲುವ ಜಾಗದ ಆಲ, ಅರಳಿ, ಹುಣಸೆ ಮರಗಳಿಗೆ ಎಷ್ಟು ತಗಡು ಹೊಡೆದಿದ್ದಾರೆ ಎಂದು ನಾಳೆ ಒಮ್ಮೆ ಎಣಿಸಿ ನೋಡಿ. ನಮ್ಮಲ್ಲಂತೂ ಎರಡೆರಡು ಲಿಪಿಯಲ್ಲಿ ಹೊಡೆದಿರುತ್ತಾರೆ, ಮೊಳೆಯೂ ಎರಡರಷ್ಟು.

ಈಗ ಜರ್ಮನಿಗೆ ಹೋಗೋಣ. ಕಾಸ್ಪರ್ ಡೇವಿಡ್ ಫ್ರೀಡ್ರಿಕ್ 1774ರಲ್ಲಿ ಬಾಲ್ಟಿಕ್ ಕಡಲ ತೀರದ ಗ್ರೈಫ್ಸ್‌ವಾಲ್ಡ್‌ನಲ್ಲಿ ಹುಟ್ಟಿದವನು. ಏಳು ವರ್ಷ ತುಂಬುವ ಮೊದಲೇ ತಾಯಿ ಹೋದಳು. ಹದಿಮೂರರ ವಯಸ್ಸಿನಲ್ಲಿ, ಹೆಪ್ಪುಗಟ್ಟಿದ ನೀರಿನ ಮೇಲೆ ಅನಾಹುತವಾಗಿ ತಮ್ಮ ಕಣ್ಣೆದುರೇ ಮುಳುಗಿಹೋದ. ಸಾವು ಅವನ ಚಿತ್ರಗಳ ಪಕ್ಕದಲ್ಲೇ ನಡೆಯುತ್ತದೆ. 1809–10ರಲ್ಲಿ ಬರೆದ 'ಓಕ್ ಕಾಡಿನ ಮಠ' ಎಂಬ ಚಿತ್ರದಲ್ಲಿ ಹಿಮದ ಮೇಲೆ ಬೋಳು ಓಕ್ ಮರಗಳು ಭೂತಗಳಂತೆ ಕೈಯೆತ್ತಿ ನಿಂತಿವೆ. ನಡುವೆ ಬಿದ್ದುಹೋದ ಮಠದ ಒಂದೇ ಒಂದು ಗೋಡೆ. ಅದರ ಬಾಗಿಲಿನತ್ತ ಸನ್ಯಾಸಿಗಳು ಶವಪೆಟ್ಟಿಗೆ ಹೊತ್ತು ನಡೆದಿದ್ದಾರೆ. ಇದನ್ನು ಪ್ರಷ್ಯದ ರಾಜನೇ ಕೊಂಡ. ಹೆಸರಾದ ಚಿತ್ರವೇನೋ ಹೌದು, ಆದರೆ ನನಗೆ ಮೆಚ್ಚಿಗೆಯಾದದ್ದು ಇನ್ನೊಂದು, ಗಾತ್ರದಲ್ಲಿ ಚಿಕ್ಕದು, ಒಂದು ಕಿಟಕಿಯಷ್ಟು: 1822ರ 'ಒಂಟಿ ಮರ'. ಬರ್ಲಿನ್ನಿನಲ್ಲಿದೆ. ವಾಗೆನರ್ ಎಂಬ ಬ್ಯಾಂಕಿನ ವ್ಯಾಪಾರಿ ಬೆಳಗ್ಗೆಯದೊಂದು, ಸಂಜೆಯದೊಂದು ಎಂದು ಜೋಡಿ ಚಿತ್ರ ಹೇಳಿ ಬರೆಸಿದ, ಇದು ಬೆಳಗ್ಗೆಯದು.

ನಿಮ್ಮ ಹೊಲವೇ ಅನ್ನಿಸೀತು. ವಿಶಾಲವಾದ ಹಸಿರು ಬಯಲು. ಮುಂದೆ ಒಂದು ಕುಂಟೆ, ಅದರಲ್ಲಿ ಆಕಾಶದ ನೆರಳು. ದೂರದಲ್ಲಿ ಊರು, ಅದರಾಚೆ ನೀಲಿ ಬೆಟ್ಟ. ಬಯಲಿನ ನಟ್ಟನಡುವೆ ಒಂದೇ ಒಂದು ಮುದಿ ಓಕ್. ನೆತ್ತಿ ಸತ್ತಿದೆ, ಮೇಲಿನ ಕೊಂಬೆಗಳು ಮುರಿದು ಮೊನಚಾಗಿ ಮೋಡಕ್ಕೆ ಚುಚ್ಚಿಕೊಂಡಿವೆ. ಕೆಳಗಿನ ಕೊಂಬೆಗಳಲ್ಲಿ ಎಲೆ ಇದೆ. ಆ ಎಲೆಯ ನೆರಳಲ್ಲಿ ಒಬ್ಬ ಕುರುಬ ಕಾಂಡಕ್ಕೆ ಒರಗಿ ನಿಂತಿದ್ದಾನೆ. ಕುರಿಗಳು ಸುತ್ತ ಮೇಯುತ್ತಿವೆ.

ಈ ಮರ ಸತ್ತದ್ದು ಹೇಗೆ ಎಂದರೆ, ಇದು ಸತ್ತೇ ಇಲ್ಲ! ಮುದಿ ಓಕ್‌ಗಳಲ್ಲಿ ಹೀಗಾಗುವುದುಂಟು. ಬೇರಿಗೆ ಪೆಟ್ಟು ಬಿದ್ದಾಗ, ನೆಲದೊಳಗಿನ ನೀರು ಕೆಳಗಿಳಿದಾಗ, ಮರ ಅಷ್ಟೆತ್ತರಕ್ಕೆ ನೀರು ಏರಿಸಲಾರದು. ಆಗ ನೆತ್ತಿಯನ್ನು ಬಿಟ್ಟುಕೊಟ್ಟು ಕೆಳಗಿನ ಕೊಂಬೆಗಳಲ್ಲಿ ಜೀವ ಹಿಡಿಯುತ್ತದೆ. ಒಣಗಿದ ನೆತ್ತಿ ಗಂಡು ಜಿಂಕೆಯ ಕೊಂಬಿನಂತೆ ಕಾಣುವುದರಿಂದ ಇಂಗ್ಲಿಷರು ಅದಕ್ಕೆ ಜಿಂಕೆದಲೆ ಎಂದೇ ಹೆಸರಿಟ್ಟಿದ್ದಾರೆ. ಹಾಗಾದ ಓಕ್ ಮರ ಮುಂದೆ ನೂರಾರು ವರ್ಷ ಬದುಕಿದ್ದುಂಟು. ಪೊಟರೆಯದೂ ಇದೇ ಕತೆ. ಕಾಂಡದ ನಡುವಿನ ಕೆಚ್ಚು ಮೊದಲೇ ಜೀವ ಬಿಟ್ಟ ಭಾಗ, ಮರದ ಉಸಿರೆಲ್ಲ ತೊಗಟೆಯ ಅಡಿಯಲ್ಲಿ. ನಡುವನ್ನು ಬೂಷ್ಟು ತಿಂದು ಹಾಕಿದರೂ ಹೊರಗಿನ ಉಂಗುರ ಗಟ್ಟಿಯಿದ್ದರೆ ಮರ ಫಲ ಕೊಡುತ್ತಲೇ ಇರುತ್ತದೆ. ಹುಣಸೆ ಮರ ಮುಪ್ಪಾದರೆ ಹುಳಿ ಮುಪ್ಪೇ ಎಂದು ನಮ್ಮ ಅಜ್ಜಿಯರು ಸುಮ್ಮನೆ ಹೇಳಲಿಲ್ಲ. ಟೊಳ್ಳು ಹುಣಸೆಯಲ್ಲಿ ಗೂಬೆ, ಗಿಳಿ, ಜೇನು ಸಂಸಾರ ಹೂಡುವುದನ್ನು ನೀವೇ ನೋಡಿದ್ದೀರಿ.

ಫ್ರೀಡ್ರಿಕ್ ಬಯಲಿಗೆ ಹೋಗಿ ಮರಗಳನ್ನು ಪೆನ್ಸಿಲಿನಲ್ಲಿ ಎಲೆ ಎಲೆಯಾಗಿ ಬರೆದುಕೊಂಡು ಬಂದು, ಮನೆಯಲ್ಲಿ ಕೂತು ಬಣ್ಣದ ಚಿತ್ರ ಕಟ್ಟುತ್ತಿದ್ದ. ಆದ್ದರಿಂದ ಜಿಂಕೆದಲೆ ಅವನ ಕಲ್ಪನೆಯಲ್ಲ, ಕಂಡದ್ದು. ನೆಪೋಲಿಯನ್ನನ ಯುದ್ಧಗಳಲ್ಲಿ ಜಜ್ಜಿಹೋದ ಜರ್ಮನ್ ನಾಡೇ ಆ ಓಕ್ ಎಂದು ಕೆಲವು ವಿಮರ್ಶಕರು ಹೇಳುತ್ತಾರೆ. ಇರಬಹುದು. ನನಗೆ ಮಾತ್ರ ಆ ಕುರುಬನ ಬೆನ್ನು ಮುಖ್ಯ. ಮೇಲೆ ಏನು ಸತ್ತಿದೆ ಎಂದು ಅವನು ನೋಡುತ್ತಿಲ್ಲ, ಒರಗಲು ಕಾಂಡ ಗಟ್ಟಿಯಿದೆ.

ಇಲ್ಲಿಂದ ನೂರು ವರ್ಷ ಮುಂದಕ್ಕೆ, ಮೊದಲನೆಯ ಮಹಾಯುದ್ಧಕ್ಕೆ ಬನ್ನಿ. ಪಾಲ್ ನ್ಯಾಶ್ ಎಂಬ ಇಂಗ್ಲಿಷ್ ಯುವಕ ಯುದ್ಧಕ್ಕೆ ಮುಂಚೆ ಮರಗಳ ಚಿತ್ರ ಬರೆದುಕೊಂಡಿದ್ದವನು, ಅದರಲ್ಲೂ ತನ್ನ ತಂದೆಯ ಮನೆಯಂಗಳದ ಎಲ್ಮ್ ಮರಗಳನ್ನು. 1917ರಲ್ಲಿ ಸೇನಾಧಿಕಾರಿಯಾಗಿ ಬೆಲ್ಜಿಯಮ್ ದೇಶದ ಈಪ್ರ್ ಪಟ್ಟಣದ ಬಳಿಯ ಕಂದಕಗಳಿಗೆ ಹೋದ. ಇದೇ ಈಪ್ರ್ ಕಡೆ 1914–15ರಲ್ಲಿ ನಮ್ಮ ದೇಶದ ಸಿಪಾಯಿಗಳೂ ಹೋರಾಡಿ ಸತ್ತಿದ್ದಾರೆ. ಆ ಊರಿನ ಮೆನಿನ್ ದ್ವಾರದ ಕಲ್ಲಿನ ಮೇಲೆ ಅವರ ಹೆಸರುಗಳೂ ಇವೆ. 1917ರ ಮೇ 25ರಂದು ನ್ಯಾಶ್ ಕತ್ತಲಲ್ಲಿ ಕಂದಕಕ್ಕೆ ಬಿದ್ದು ಪಕ್ಕೆಲುಬು ಮುರಿದುಕೊಂಡ, ಅವನನ್ನು ಊರಿಗೆ ಕಳಿಸಿದರು. ಕೆಲವೇ ದಿನಗಳಲ್ಲಿ ಅವನ ತುಕಡಿಯ ಅನೇಕರು ದಾಳಿಯೊಂದರಲ್ಲಿ ಸತ್ತರು. ನವೆಂಬರಿನಲ್ಲಿ ಅವನು ಮತ್ತೆ ಅಲ್ಲಿಗೆ ಹೋದಾಗ ಕೈಯಲ್ಲಿದ್ದದ್ದು ಪೆನ್ಸಿಲು, ಸರಕಾರವೇ ನೇಮಿಸಿದ ಯುದ್ಧ ಚಿತ್ರಕಾರನಾಗಿ. ಅಲ್ಲಿಂದ ಹೆಂಡತಿಗೆ ಬರೆದ ಕಾಗದದಲ್ಲಿ, ತಾನಿನ್ನು ಚಿತ್ರಕಾರನಲ್ಲ, ಇಲ್ಲಿ ಹೋರಾಡುತ್ತಿರುವವರ ಸುದ್ದಿ ಒಯ್ಯುವವನು ಎಂಬರ್ಥದ ಮಾತು ಹೇಳಿದ್ದಾನೆ.

ಆದರೆ ಸುದ್ದಿ ಒಯ್ಯುವುದು ಅಷ್ಟು ಸುಲಭವಿರಲಿಲ್ಲ. ನೆವಿನ್ಸನ್ ಎಂಬ ಇನ್ನೊಬ್ಬ ಚಿತ್ರಕಾರ ಮುಳ್ಳುತಂತಿಯ ಮುಂದೆ ಸತ್ತು ಬಿದ್ದ ಇಬ್ಬರು ಸೈನಿಕರನ್ನು ಬರೆದಾಗ, ಅದನ್ನು ತೋರಿಸಕೂಡದೆಂದು ಅಧಿಕಾರಿಗಳು ತಡೆದರು. ಆತ 1918ರ ಪ್ರದರ್ಶನದಲ್ಲಿ ಚಿತ್ರದ ಮೇಲೆ ಕಂದು ಕಾಗದ ಅಂಟಿಸಿ, ನಿಷೇಧಿಸಲಾಗಿದೆ ಎಂದು ಬರೆದು ತೂಗುಹಾಕಿದ. ಹೆಣ ಬರೆದರೆ ತಡೆಯುತ್ತಾರೆ. ಮರ ಬರೆದರೆ ಯಾರು ತಡೆದಾರು?

ನ್ಯಾಶ್‌ನ 1918ರ ಚಿತ್ರದಲ್ಲಿ ಒಬ್ಬ ಮನುಷ್ಯನೂ ಇಲ್ಲ. ಗೋರಿದಿಬ್ಬಗಳಂತೆ ಉಬ್ಬುತಗ್ಗಾದ ಕೆಸರುನೆಲ. ಅದರ ಮೇಲೆ ತುದಿ ಹಾರಿಹೋದ ಮರದ ಕಂಬಗಳು, ತೊಗಟೆಯಿಲ್ಲ, ರೆಂಬೆಯಿಲ್ಲ. ಹಿಂದೆ ತುಕ್ಕಿನ ಕೆಂಪು ಬಣ್ಣದ ಮೋಡ, ಅದರ ಮೇಲಿಂದ ಬೆಳ್ಳನೆಯ ಸೂರ್ಯ ಎದ್ದು ಬರುತ್ತಿದ್ದಾನೆ. ಈಪ್ರ್ ಬಳಿಯ ಒಂದು ತೋಪು ಅದು, ಫಿರಂಗಿ ಗುಂಡುಗಳು ಬಿದ್ದು ಬಿದ್ದು ಹೀಗಾಗಿತ್ತು. ಚಿತ್ರಕ್ಕೆ ಅವನಿಟ್ಟ ಹೆಸರು: 'ನಾವು ಹೊಸ ಜಗತ್ತನ್ನು ಕಟ್ಟುತ್ತಿದ್ದೇವೆ.' ರೌಸ್‌ಡಾಲನ ಮರದ ಬುಡದಲ್ಲಿ ಹಸಿರಿತ್ತು, ಫ್ರೀಡ್ರಿಕ್‌ನ ಮರದ ಕೆಳಗೆ ಕುರಿಗಳಿದ್ದವು. ಇಲ್ಲಿ ಏನೂ ಇಲ್ಲ. ಮರ ಮುದಿಯಾಗಿ ಸಾಯಲಿಲ್ಲ, ಅದನ್ನು ಕೊಂದಿದ್ದಾರೆ. ಕೊಂದವರು ಯಾರೆಂದು ಚಿತ್ರದ ಹೆಸರಿನ ಮೊದಲ ಪದವೇ ಹೇಳುತ್ತದೆ. ಈ ಚಿತ್ರ ಲಂಡನ್ನಿನ ಯುದ್ಧ ಸಂಗ್ರಹಾಲಯದಲ್ಲಿದೆ.

ಇಪ್ಪತ್ತು ವರ್ಷ ಕಳೆದ ಮೇಲೆ, 1938ರಲ್ಲಿ, ಇದೇ ನ್ಯಾಶ್ ಇಂಗ್ಲೆಂಡಿನ ಒಂದು ಹೊಲದಲ್ಲಿ ಸಿಡಿಲಿಗೆ ಉರುಳಿದ ಎರಡು ಎಲ್ಮ್ ಮರಗಳನ್ನು ಕಂಡ. ಬೆಳ್ಳಗೆ ಬಿದ್ದಿದ್ದ ಆ ಕೊರಡುಗಳು ಅವನ ಕಣ್ಣಿಗೆ ಯಾವುದೋ ದೈತ್ಯ ಪ್ರಾಣಿಗಳಂತೆ ಕಂಡವು. ಫೋಟೋ ತೆಗೆದುಕೊಂಡ, 'ರಾಕ್ಷಸ ಹೊಲ' ಎಂಬ ಹೆಸರಿನಲ್ಲಿ ಚಿತ್ರ ಬರೆದ. ಕಂದಕದ ಮರಗಳನ್ನು ಕಂಡವನಿಗೆ ಒಣಮರ ಮತ್ತೆ ಆಟದ ವಸ್ತುವಾಯಿತಲ್ಲ ಎಂಬುದು ನನಗೆ ಒಂದು ಬಗೆಯ ಸಮಾಧಾನ.

ಆ ಎಲ್ಮ್ ಮರದ ಮುಂದಿನ ಕತೆಯನ್ನೂ ಹೇಳಿಬಿಡುತ್ತೇನೆ. ಕಾನ್‌ಸ್ಟೆಬಲ್ 1821ರ ಸುಮಾರಿಗೆ ಒಂದು ಎಲ್ಮ್ ಮರದ ಕಾಂಡವನ್ನು ಮಾತ್ರ ಹತ್ತಿರದಿಂದ ಬರೆದಿದ್ದ, ತೊಗಟೆಯ ಒಂದೊಂದು ಬಿರುಕೂ ಕಾಣುವಂತೆ. ನ್ಯಾಶ್ ಬರೆದದ್ದೂ ಎಲ್ಮ್. 1960ರ ದಶಕದ ಕೊನೆಗೆ ಉತ್ತರ ಅಮೆರಿಕದಿಂದ ತರಿಸಿದ ದಿಮ್ಮಿಗಳ ಜೊತೆ ಒಂದು ಬೂಷ್ಟು ರೋಗ ಬ್ರಿಟನ್ನಿಗೆ ಬಂತು. ತೊಗಟೆ ಕೊರೆಯುವ ದುಂಬಿ ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ, ನೀರು ಏರುವ ನಾಳಗಳು ಕಟ್ಟಿಕೊಂಡು ಮರ ನಿಂತಲ್ಲೇ ಒಣಗುತ್ತದೆ. ಅಡಿಕೆಗೆ ಹಳದಿ ರೋಗ ಬಿದ್ದದ್ದನ್ನು ಕಂಡ ಕಾಸರಗೋಡಿನವರಿಗೆ ಆ ಸಂಕಟ ಗೊತ್ತು. ಎರಡು ಕೋಟಿಗೂ ಹೆಚ್ಚು ಎಲ್ಮ್ ಮರಗಳು ಹೋದವು. ಇವತ್ತು ಇಂಗ್ಲೆಂಡಿನ ಬಹುಪಾಲು ಹಳ್ಳಿಗಳಲ್ಲಿ ದೊಡ್ಡದಾಗಿ ಬೆಳೆದ ಎಲ್ಮ್ ನೋಡಲು ಸಿಗುವುದಿಲ್ಲ. ಅದರ ತೊಗಟೆ ಹೇಗಿತ್ತು ಎಂದು ಕೇಳುವ ಮಕ್ಕಳನ್ನು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ, ಕಾನ್‌ಸ್ಟೆಬಲ್ ಬರೆದ ಆ ಕಾಂಡವನ್ನು ತೋರಿಸಬಹುದು.